ಗೋಡೆಯ ಗುಟ್ಟು ಬಲ್ಲವರು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಭೂಕಂಪಕ್ಕೆ ನಡುಗಿದಾಗ ಜನರನ್ನು ಕೊಂದದ್ದು ಅವರವರ ಮನೆಗಳೇ. ಕಲಬುರಗಿ, ಬೀದರ್ ಕಡೆಯವರಿಗೆ ಆ ಮನೆಯನ್ನು ಬಿಡಿಸಿ ಹೇಳಬೇಕಿಲ್ಲ: ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಹೊರಲಾರದಷ್ಟು ಮಣ್ಣು ಹೊತ್ತ ಮಾಳಿಗೆ. ಸತ್ತವರು ಹತ್ತು ಸಾವಿರದ ಹತ್ತಿರ.

ನೆಲಸಮವಾದ ಊರುಗಳನ್ನು ಬೇರೆಡೆ ಕಟ್ಟಿಕೊಟ್ಟರು. ಬಿರುಕು ಬಿಟ್ಟು ನಿಂತಿದ್ದ ಸಾವಿರಕ್ಕೂ ಹೆಚ್ಚು ಊರುಗಳಲ್ಲಿ ಮಾತ್ರ ಮನೆಯವರೇ ನಿಂತು ದುರಸ್ತಿ ಮಾಡಿಸಿಕೊಳ್ಳಲಿ ಎಂದಿತು ಸರ್ಕಾರ. ಎಂಜಿನಿಯರಿಗೂ ಮನೆಯವರಿಗೂ ನಡುವೆ ನಿಂತವರು ಊರಿನ ಹೆಂಗಸರು. ಪ್ರೇಮಾ ಗೋಪಾಲನ್ ಅವರ ‘ಸ್ವಯಂ ಶಿಕ್ಷಣ ಪ್ರಯೋಗ’ ಸಂಸ್ಥೆ ಅವರನ್ನು ಸಜ್ಜುಗೊಳಿಸಿತು.

ಈ ಆಯ್ಕೆಯ ಜಾಣತನ ನನಗೆ ಬಹಳ ಹಿಡಿಸುತ್ತದೆ. ಯಾವ ಗೋಡೆ ಉಬ್ಬಿದೆ, ಯಾವ ಮೂಲೆ ಸೋರುತ್ತದೆ ಎಂಬುದು ದಿನಾ ಸಾರಿಸಿ ಬಳಿಯುವವಳಿಗಲ್ಲದೆ ಇನ್ನಾರಿಗೆ ಗೊತ್ತು? ‘ಮನೆಯಾಕೆ’ ಎಂದು ಕರೆಯುತ್ತೇವೆ, ಮನೆ ಕಟ್ಟಿಸುವಾಗ ಮಾತ್ರ ಅವಳನ್ನು ಕೇಳುವುದಿಲ್ಲ! ಇಲ್ಲಿ ಅವಳನ್ನು ಕೇಳಿದರು. ಮಾಳಿಗೆಯ ಮಣ್ಣು ಇಳಿಸಬೇಕು, ಗೋಡೆಯ ಎರಡು ಪದರವನ್ನು ಅಡ್ಡಗಲ್ಲು ಹಾಕಿ ಬಿಗಿಯಬೇಕು ಎಂಬಂಥ ಎಂಜಿನಿಯರರ ಮಾತು ಅಂಗಳದ ಮಾತಾಯಿತು. 2001ರಲ್ಲಿ ಕಚ್ಛ್ ಕುಸಿದಾಗ ಇದೇ ಹೆಂಗಸರು ಅಲ್ಲಿಗೂ ಹೋದರು. ಪರಿಹಾರದ ಸಾಲಿನಲ್ಲಿ ನಿಂತಿದ್ದವರು ಎಂಟು ವರ್ಷ ಕಳೆಯುವುದರೊಳಗೆ ಇನ್ನೊಂದು ನಾಡಿನವರಿಗೆ ದಾರಿ ಹೇಳುವಂತಾದದ್ದು ಸಣ್ಣ ಸಂಗತಿಯಲ್ಲ.

ಆದರೆ ಅವರಿಗೆ ಕೊಟ್ಟ ಹೆಸರು ನೋಡಿ: ‘ಸಂವಾದ ಸಹಾಯಕ’. ಮಾತು ದಾಟಿಸಬೇಕು, ತೀರ್ಮಾನ ಬೇರೆಯವರದು. ದುರಸ್ತಿ ಯೋಜನೆ ಮುಗಿಯಿತು, ಹುದ್ದೆಯೂ ಮುಗಿಯಿತು. ಆಮೇಲೆ ಅವರನ್ನು ಒಟ್ಟಿಗೆ ಹಿಡಿದಿಟ್ಟದ್ದು ಉಳಿತಾಯ ಗುಂಪುಗಳು; ಸರ್ಕಾರದ ಕಡತವಲ್ಲ.

ಈ ಮರೆವು ಆಕಸ್ಮಿಕ ಎನ್ನಲು ನನಗೆ ಮನಸ್ಸಾಗದು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರ ಕೊಟ್ಟಿತು. ಅದರಲ್ಲಿ ಜಿಲ್ಲಾಧಿಕಾರಿ, ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿ, ಪೊಲೀಸ್ ವರಿಷ್ಠಾಧಿಕಾರಿ, ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಹೀಗೆ ಕುರ್ಚಿಗಳನ್ನು ಹೆಸರಿಟ್ಟು ಹಾಕಿದ್ದಾರೆ. ಅಧಿಕಾರಿಯೋ ಪ್ರತಿನಿಧಿಯೋ ಹೆಣ್ಣಾಗಿದ್ದರೆ ಹೆಣ್ಣು ಕೂರುತ್ತಾಳೆ, ಅಷ್ಟೇ. ಗೋಡೆ ಬಡಿದು ಸದ್ದಿನಲ್ಲೇ ಅದರ ಟೊಳ್ಳು ಗುರುತಿಸುವ ಊರಿನ ಹೆಂಗಸಿಗೆಂದು ಅಲ್ಲಿ ಒಂದು ಕುರ್ಚಿಯೂ ಇಲ್ಲ.