ಸಮತಲದ ಸಾಧಕರು

ಪೋಂಡಾ ತಾಲ್ಲೂಕಿನ ಉಸಗಾಂವದಲ್ಲಿಯೂ ಗೋವೆಯ ಇತರ ಊರುಗಳಲ್ಲಿಯೂ ಹೊಸ ಮನೆಗಳ ಹೊಸ್ತಿಲನ್ನು ದಾಟುವಾಗ, ಪಾದತಲಕ್ಕೆ ತಣ್ಣಗೆ ತಾಕುವ ಟೈಲ್ಸಿನ ನಿರ್ದುಷ್ಟ ಸಮತಲದ ಹಿಂದೆ, ಅನ್ನವನ್ನರಸಿ ಘಟ್ಟವಿಳಿದು ಬಂದ ಉತ್ತರ ಕರ್ನಾಟಕದ ಶ್ರಮಿಕರ ಬೆವರೂ ಬೆರೆತಿರಬಹುದೆಂಬುದನ್ನು ನಾವು ನೆನೆಯುವುದು ವಿರಳ.

ರಸಮಟ್ಟವನ್ನಿಟ್ಟು ನೆಲದ ಏರುತಗ್ಗುಗಳನ್ನರಿತು, ದಾರವನ್ನೆಳೆದು ಮೂಲೆಯ ಲಂಬಕೋನವನ್ನು ಪರೀಕ್ಷಿಸಿ, ಸ್ನಾನಗೃಹದಲ್ಲಿ ನೀರು ತಾನಾಗಿ ಹರಿದುಹೋಗುವಂತೆ ಇಳಿಜಾರನ್ನು ಕಲ್ಪಿಸಿದ ಮೇಲಷ್ಟೇ ಮೊದಲ ಟೈಲ್ಸು ನೆಲವನ್ನು ಸೇರುತ್ತದೆ. ಶೇಕಡಾ 10ಕ್ಕೂ ಮಿಕ್ಕಿ ನೀರು ಹೀರುವ ಗೋಡೆಯ ಸೆರಾಮಿಕ್ ಟೈಲ್ಸನ್ನು ಸಿಮೆಂಟ್ ಗಾರೆಯಲ್ಲಿ ಕೂರಿಸುವ ಮೊದಲು ನೆನೆಹಾಕಬೇಕು, ಶೇಕಡಾ 0.5ನ್ನೂ ಮೀರಿ ಹೀರದ ವಿಟ್ರಿಫೈಡ್ ಟೈಲ್ಸಿಗೆ ಹಲ್ಲುಳ್ಳ ಕರಣೆಯಿಂದ ಗೀರಿ ಹರಡಿದ ಅಂಟೇ ತಕ್ಕದ್ದು. ಟೈಲ್ಸಿಗೆ ಐ.ಎಸ್. 15622, ಅಂಟಿಗೆ ಐ.ಎಸ್. 15477 ಎಂಬ ಭಾರತೀಯ ಮಾನಕಗಳುಂಟು; ಆದರೆ ಬೆರಳ ಗೆಣ್ಣಿನಿಂದ ತಟ್ಟಿ, ಟೊಳ್ಳುದನಿ ಕೇಳಿದೊಡನೆ ಹಾಕಿದ್ದನ್ನು ಕಿತ್ತು ಪುನಃ ಕೂರಿಸುವ ಪ್ರಾಮಾಣಿಕತೆಯೇ ಆ ಮಾನಕಗಳಿಗೆ ಜೀವ ತುಂಬುವಂಥದು.

ವರ್ಲ್ಡ್‌ಸ್ಕಿಲ್ಸ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಗೋಡೆ-ನೆಲಗಳ ಟೈಲ್ಸು ಜೋಡಣೆಯೂ ಒಂದು ಸ್ವತಂತ್ರ ವಿಭಾಗವಾಗಿದೆ. ಜಗತ್ತು ಹೀಗೆ ವಿದ್ಯೆಯೆಂದು ಗೌರವಿಸುವ ಇದನ್ನು ನಮ್ಮ ತರುಣರಲ್ಲಿ ಅನೇಕರು ಹಿರಿಯ ಮೇಸ್ತ್ರಿಯ ಮಗ್ಗುಲಲ್ಲಿ ಗಾರೆ ಕಲಸುತ್ತ, ಕಣ್ಣಿನಿಂದಲೇ ಕಲಿಯುತ್ತಾರೆ. ಆ ಕಲಿಕೆಗೆ ಕ್ರಮಬದ್ಧ ಶಿಕ್ಷಣವೂ, ಪ್ರಮಾಣಪತ್ರವೂ, ನ್ಯಾಯವಾದ ಕೂಲಿಯೂ ಒದಗಲಿ. ನಾವು ಹೆಜ್ಜೆಯಿಡುವ ನೆಲವನ್ನು ಹಸನುಗೊಳಿಸಿದವರಿಗೆ ನಾವು ಸಲ್ಲಿಸಬಹುದಾದ ಸಾರ್ಥಕ ಕೃತಜ್ಞತೆ ಅದು.