‘ಥಟ್ ಅಂತ ಹೇಳಿ’: ಬಾಲ್ಯಸ್ಮರಣೆಯೂ ಗುಣವಿವೇಚನೆಯೂ

ಬಾಲ್ಯದಲ್ಲಿ ಪ್ರಿಯವಾಗಿದ್ದ ವಸ್ತುವಿನ ಗುಣದೋಷಗಳನ್ನು ವಿವೇಚಿಸುವುದು ಸುಲಭವಲ್ಲ. ವಸ್ತುವಿನ ಸೊಗಸು ಎಷ್ಟು, ಆ ವಯಸ್ಸಿನ ಸೊಗಸು ಎಷ್ಟು ಎಂಬುದನ್ನು ಸ್ಮರಣೆಯು ತಾನಾಗಿ ಬೇರ್ಪಡಿಸಿ ಕೊಡುವುದಿಲ್ಲ. ಆಲಂಕಾರಿಕರು ಸ್ಮೃತಿಯನ್ನು 33 ವ್ಯಭಿಚಾರಿಭಾವಗಳಲ್ಲಿ ಒಂದನ್ನಾಗಿ ಎಣಿಸಿರುವುದು ಇಲ್ಲಿ ಗಮನಾರ್ಹವಾಗಿದೆ. ಅದು ಬಂದುಹೋಗುವ ಭಾವವೇ ಹೊರತು ನೆಲೆನಿಂತು ರಸವಾಗತಕ್ಕದ್ದಲ್ಲ. ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾಗಿ 3000ಕ್ಕೂ ಮೀರಿದ ಸಂಚಿಕೆಗಳನ್ನು ಕಂಡ ‘ಥಟ್ ಅಂತ ಹೇಳಿ’ ಎಂಬ ರಸಪ್ರಶ್ನೆಯ ಸ್ಪರ್ಧೆಯನ್ನು ಅಂದಿನ ಬಾಲಕರು ಇಂದು ಹಂಬಲದಿಂದ ನೆನೆಯುತ್ತಾರೆ. ಆ ಸ್ಮೃತಿಗೆ ಆಧಾರವಾದ ಸ್ಥಾಯಿಭಾವ ಯಾವುದು?

ಇದಕ್ಕೆ ಎರಡು ವರ್ಷ ಮೊದಲು, 2000ದಲ್ಲಿ, ಹಿಂದಿಯಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಮೊದಲಾಗಿತ್ತು. ಅಲ್ಲಿಯ ಪರಮಬಹುಮಾನ ಒಂದು ಕೋಟಿ ರೂಪಾಯಿ. ಪ್ರಶ್ನೆಯ ಬೆಲೆಯನ್ನು ಅದರ ಮುಂದಿಟ್ಟ ಹಣವೇ ನಿರ್ಣಯಿಸುತ್ತಿತ್ತು. ಪ್ರೇಕ್ಷಕನ ಉದ್ವೇಗವು ಉತ್ತರಕ್ಕಿಂತ ಹೆಚ್ಚಾಗಿ ಸ್ಪರ್ಧಿಯ ಲಾಭನಷ್ಟಗಳನ್ನು ಅವಲಂಬಿಸಿತ್ತು. ವೃತ್ತಿಯಿಂದ ವೈದ್ಯರಾದ ನಾ. ಸೋಮೇಶ್ವರ ಅವರು ನಡೆಸಿದ ಕನ್ನಡದ ಸ್ಪರ್ಧೆಯಲ್ಲಿಯಾದರೋ ಬಹುಮಾನವೆಂದರೆ ಪುಸ್ತಕ. ಹಣವು ಪ್ರಶ್ನೆಯನ್ನು ಮುಗಿಸುತ್ತದೆ. ಪುಸ್ತಕವು ಮತ್ತೆ ಹತ್ತು ಪ್ರಶ್ನೆಗಳನ್ನು ಹುಟ್ಟಿಸುತ್ತದೆ. ಶರೀರಶಾಸ್ತ್ರವನ್ನೂ ಚರಿತ್ರೆಯನ್ನೂ ಸಾಹಿತ್ಯವನ್ನೂ ಒಂದೇ ಕನ್ನಡದಲ್ಲಿ ಕೇಳಬಹುದು, ಅದೇ ಕನ್ನಡದಲ್ಲಿ ಉತ್ತರಿಸಲೂಬಹುದು ಎಂಬ ಅರಿವು ಬಾಲಕನಿಗೆ ಅಲ್ಲಿ ಉಪದೇಶವಿಲ್ಲದೆ ದೊರೆಯಿತು. ಆದುದರಿಂದ ಈ ಸ್ಮೃತಿಯ ಸ್ಥಾಯಿಯು ವಿಸ್ಮಯವೆಂದು ಹೇಳುವುದು ಯುಕ್ತವಾಗಿದೆ.

ಆದರೆ ಹಂಬಲಿಸುವವರು ಸಾಮಾನ್ಯವಾಗಿ ಮರೆಯುವ ದೋಷವೊಂದುಂಟು; ಅದು ಹೆಸರಿನಲ್ಲಿಯೇ ಅಡಗಿದೆ. ‘ಥಟ್’ ಎಂಬುದು ಅನುಕರಣಶಬ್ದ, ಶೀಘ್ರತೆಯ ಸೂಚಕ. ‘ಅಂತ’ ಎಂಬುದು ‘ಎಂದು’ ಎಂಬುದರ ಆಡುಮಾತಿನ ರೂಪ. ‘ಹೇಳಿ’ ಎಂಬುದು ಗೌರವದ ವಿಧ್ಯರ್ಥ. ತ್ವರೆ, ಸಲಿಗೆ, ಮರ್ಯಾದೆ ಈ ಮೂರೂ ಮೂರು ಮಾತುಗಳಲ್ಲಿ ಕೂಡಿವೆ. ಸಲಿಗೆಯೂ ಮರ್ಯಾದೆಯೂ ಕಲಿಯುವವನಿಗೆ ಹಿತವೇ ಸರಿ, ತ್ವರೆಯನ್ನು ಹಾಗೆನ್ನಲಾಗದು. ಥಟ್ಟನೆ ಹೇಳಬಲ್ಲದ್ದು ಹೆಸರು, ಇಸವಿ, ಸಂಖ್ಯೆ ಮುಂತಾದವು ಮಾತ್ರ. ‘ಏಕೆ’ ಎಂಬ ಪ್ರಶ್ನೆಗೆ ಅವಕಾಶ ಬೇಕು, ತಡವರಿಸುವ ಸ್ವಾತಂತ್ರ್ಯವೂ ಬೇಕು. ನಿಧಾನವಾಗಿ ಯೋಚಿಸುವ ಬಾಲಕನು ದಡ್ಡನಲ್ಲ. ಆದರೆ ಇಂತಹ ಸ್ಪರ್ಧೆಗಳೆಲ್ಲವೂ ಅವನನ್ನು ಸೋತವರ ಸಾಲಿಗೆ ಸೇರಿಸುತ್ತವೆ. ವಿಸ್ಮಯವು ಒಂದು ಕ್ಷಣ ನಿಂತು ನೋಡುವುದರಿಂದ ಹುಟ್ಟತಕ್ಕದ್ದು; ತ್ವರೆಯೇ ಅದಕ್ಕೆ ಪ್ರತಿಕೂಲ.

ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿದುದು ಉತ್ತರದ ಬೆನ್ನಿಗೆ ಬರುತ್ತಿದ್ದ ವಿವರಣೆ. ಅಲ್ಲಿ ಸ್ಪರ್ಧೆಯು ಕ್ಷಣಕಾಲ ನಿಂತು ಪಾಠವಾಗುತ್ತಿತ್ತು. ಮನೆಯಲ್ಲಿ ಕುಳಿತು ತಪ್ಪು ಹೇಳಿದ ಬಾಲಕನ ಅಂಕಗಳನ್ನು ಎಣಿಸುವವರು ಯಾರೂ ಇರಲಿಲ್ಲ. ಸರಿಯಾದ ಉತ್ತರ ಮಾತ್ರ ಅವನಿಗೂ ಸಮಾನವಾಗಿ ಸಲ್ಲುತ್ತಿತ್ತು. ಕಾರ್ಯಕ್ರಮದ ನಿಜವಾದ ಬಲವು ಅದರ ಹೆಸರು ಸೂಚಿಸುವ ವೇಗದಲ್ಲಿರದೆ ಈ ನಿಲುಗಡೆಯಲ್ಲಿದ್ದಿತು.

ಹೀಗಿರಲು, ‘ಅಂತಹ ಕಾಲ ಮತ್ತೆ ಬಾರದು’ ಎಂಬ ಉದ್ಗಾರದಿಂದ ಪ್ರಯೋಜನವಿಲ್ಲ. ಕಾಲವು ಬಾರದು, ಆದರೆ ಮರ್ಯಾದೆಯಿಂದ ಕೇಳುವುದು, ಉತ್ತರವನ್ನು ಬಿಡಿಸಿ ಹೇಳುವುದು, ಗೆದ್ದವನ ಕೈಗೆ ಪುಸ್ತಕವನ್ನಿಡುವುದು, ಇವು ಇಂದಿನ ತಾಯಿತಂದೆಗಳಿಗೂ ಉಪಾಧ್ಯಾಯರಿಗೂ ಸಾಧ್ಯವಾದ ಕಾರ್ಯಗಳೇ. ಸೋತವನ ಕೈಗೂ ಒಂದು ಪುಸ್ತಕವನ್ನಿಟ್ಟರೆ ಮೂಲದ ದೋಷವೂ ತಿದ್ದಿದಂತಾಗುವುದು.