ಕಿವಿಯ ಬೀಜ, ಮೂಲವ್ಯಾಧಿಯ ನೋವು

ಮೂಲವ್ಯಾಧಿಯ ಶಸ್ತ್ರಚಿಕಿತ್ಸೆಗೆ ರೋಗಿಗಳು ಅಂಜುವುದು ಬಹುಮಟ್ಟಿಗೆ ಅದರ ನಂತರದ ನೋವಿಗೆ. ಗುದನಾಳವನ್ನು ಮೇಲ್ಭಾಗ, ಕೆಳಭಾಗವೆಂದು ವಿಂಗಡಿಸುವ ದಂತರೇಖೆಯ ಕೆಳಗೆ, ಹೊರಚರ್ಮದಲ್ಲಿರುವಂತೆಯೇ ನೋವನ್ನು ತೀಕ್ಷ್ಣವಾಗಿ ಅರಿಯುವ ನರಗಳಿರುವುದರಿಂದಲೂ, ಗಾಯದ ಸುತ್ತಲಿನ ಬಿಗಿಸ್ನಾಯು ಸೆಟೆದುಕೊಳ್ಳುವುದರಿಂದಲೂ, ಮೊದಲ ಮಲವಿಸರ್ಜನೆಯ ಹೊತ್ತಿಗೆ ಆ ನೋವು ಅಸಹನೀಯವಾಗುವುದುಂಟು. ಅಫೀಮು ವರ್ಗದ ನೋವುನಿವಾರಕಗಳು ಮಲಬದ್ಧತೆಯನ್ನು ತಂದು ಅದೇ ಗಾಯವನ್ನು ಕೆಣಕುವ ಕಾರಣ, ಔಷಧೇತರ ಉಪಾಯಗಳ ಹುಡುಕಾಟ ಸಹಜವೇ ಆಗಿದೆ. ಚೀನಾದಲ್ಲಿ ಶುಶ್ರೂಷೆಯ ಅಂಗವಾಗಿ ಬಳಸುವ ಕಿವಿಯ ಆಕ್ಯುಪ್ರೆಷರ್ ಅಂಥದೊಂದು: ವ್ಯಾಕೇರಿಯಾ ಎಂಬ ಗಿಡದ ಪುಟ್ಟ ದುಂಡು ಬೀಜಗಳನ್ನು ಹೊರಗಿವಿಯ ಗೊತ್ತಾದ ಬಿಂದುಗಳಿಗೆ ಪಟ್ಟಿಯಿಂದ ಅಂಟಿಸಲಾಗುತ್ತದೆ, ರೋಗಿ ದಿನಕ್ಕೆ ಹಲವು ಬಾರಿ ಅವನ್ನು ಬೆರಳಿನಿಂದ ಒತ್ತಿಕೊಳ್ಳುತ್ತಾನೆ.

ಇದನ್ನು ಸಾವಿರಾರು ವರ್ಷಗಳ ಪರಂಪರೆಯೆಂದು ಪರಿಚಯಿಸುವ ರೂಢಿ ಅರ್ಧಸತ್ಯವಷ್ಟೇ. ಕಿವಿಗೂ ದೇಹಕ್ಕೂ ನಂಟಿದೆಯೆಂಬ ಮಾತು ಚೀನಾದ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಇದೆಯಾದರೂ, ಕಿವಿಯನ್ನು ತಲೆಕೆಳಗಾದ ಭ್ರೂಣವಾಗಿ ಕಂಡು ಅಂಗಕ್ಕೊಂದು ಬಿಂದುವನ್ನು ಗುರುತಿಸಿದ ನಕ್ಷೆಯನ್ನು 1950ರ ದಶಕದಲ್ಲಿ ರೂಪಿಸಿದವನು ಫ್ರಾನ್ಸಿನ ಲಿಯೋನ್ ನಗರದ ವೈದ್ಯ ಪಾಲ್ ನೋಜಿಯೆ. ಚೀನಾ ಅದನ್ನು ಆಮೇಲೆ ಪಡೆದು ವಿಸ್ತರಿಸಿಕೊಂಡಿತು.

ವೇಗಸ್ ನರದ ಹೆಸರಿನಲ್ಲಿ ಈ ಪದ್ಧತಿಗೆ ಕೊಡುವ ನರಶಾಸ್ತ್ರದ ಸಮರ್ಥನೆಯೂ ಕೂಲಂಕಷ ಪರಿಶೀಲನೆಗೆ ತಕ್ಕದ್ದು. ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಒಂದು ಕವಲು ಕಿವಿರಂಧ್ರದ ಬಳಿಯ ತಗ್ಗಿಗೆ ಬರುವುದು ದಿಟ. ಆದರೆ ಗುದದ್ವಾರದ ನೋವನ್ನು ಹೊರುವುದು ಸೊಂಟದ ತಳದಿಂದ ಬರುವ ಪ್ಯುಡೆಂಡಲ್ ನರವೇ ಹೊರತು ವೇಗಸ್ ಅಲ್ಲ. ಆದ್ದರಿಂದ ಪರಿಣಾಮವಿದ್ದರೆ ಅದು ಮಿದುಳಿನ ಮಟ್ಟದಲ್ಲಿ, ನೋವಿನ ಅರಿವನ್ನೇ ತಗ್ಗಿಸುವ ಮೂಲಕ ಆಗಿರಬೇಕು, ಮತ್ತು ಆಗ ಕಿವಿಯಲ್ಲಿ ‘ಗುದ’ದ ಬಿಂದುವೆಂದು ಬೇರೆಯೇ ಒಂದನ್ನು ಹುಡುಕುವ ಅಗತ್ಯ ಉಳಿಯುವುದಿಲ್ಲ.

ಈ ಪದ್ಧತಿಯನ್ನು ಪರೀಕ್ಷಿಸುವ ಪ್ರಯೋಗಗಳ ನಿಜವಾದ ದೌರ್ಬಲ್ಯವಿರುವುದು ಹೋಲಿಕೆಯಲ್ಲಿ. ಬೀಜ ಅಂಟಿಸಿಕೊಂಡವರನ್ನು ಕೇವಲ ಸಾಮಾನ್ಯ ಆರೈಕೆ ಪಡೆದವರೊಡನೆ ತೂಗಿದಾಗ, ಹೆಚ್ಚುವರಿ ಗಮನ, ನಿರೀಕ್ಷೆ, ನೋವು ಬಂದಾಗ ಏನಾದರೂ ಮಾಡಬಲ್ಲೆನೆಂಬ ಧೈರ್ಯ, ಇವೆಲ್ಲ ಬಿಂದುವಿನ ಖಾತೆಗೇ ಜಮೆಯಾಗುತ್ತವೆ. ನೋವನ್ನು ರೋಗಿಯೇ ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ಹೇಳಬೇಕಾದ್ದರಿಂದ ಈ ದೋಷ ಇನ್ನಷ್ಟು ಗಂಭೀರ. ಹೋಲಿಕೆಯ ಗುಂಪಿಗೂ ಸಂಬಂಧವಿಲ್ಲದ ಬಿಂದುಗಳಲ್ಲಿ ಬೀಜ ಅಂಟಿಸಿ, ವಿಶ್ರಾಂತಿಯ ನೋವನ್ನೂ ಮಲವಿಸರ್ಜನೆಯ ನೋವನ್ನೂ ಬೇರೆ ಬೇರೆಯಾಗಿ ಅಳೆಯುವ ಪ್ರಯೋಗವೇ ನ್ಯಾಯವಾದ ಪರೀಕ್ಷೆ.

ಚರ್ಮದ ತುರಿಕೆ, ಉರಿಗಳನ್ನು ಬಿಟ್ಟರೆ ಹೆಚ್ಚಿನ ತೊಡಕಿಲ್ಲದ ಈ ಪದ್ಧತಿ ಪ್ಯಾರಾಸಿಟಮಾಲ್, ಮಲವನ್ನು ಮೆದುಗೊಳಿಸುವ ಔಷಧ, ನರಕ್ಕೆ ನೀಡುವ ಅರಿವಳಿಕೆ ಇವುಗಳ ಜೊತೆಗೆ ಸಲ್ಲಬಹುದು; ಅವುಗಳ ಬದಲಿಗೆ ಸಲ್ಲದು.